ಧಣಿ ಯಾರು?

ಕೆ.ಜಿ.ಎಫ್. ಎಂದೊಡನೆ ಜನ ಚಿನ್ನದ ಮಾತೆತ್ತುತ್ತಾರೆ. ಪಕ್ಕದ ಬಂಗಾರಪೇಟೆಯವಳಾದ ನನ್ನನ್ನೂ ಮದುವೆಮನೆಗಳಲ್ಲಿ, "ನಿಮ್ಮ ಕಡೆ ನೆಲ ಅಗೆದರೆ ಚಿನ್ನವಂತೆ, ನಿಮಗೇನು ಬಿಡಿ" ಎಂದು ತಮಾಷೆ ಮಾಡಿದವರುಂಟು. ಆ ಚಿನ್ನ ಎಲ್ಲಿಗೆ ಹೋಯಿತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಹೇಳಹೊರಟಿರುವುದು ಆ ಊರಿನ ಕಸ ಮತ್ತು ಕಕ್ಕಸುಗಳ ವಿಚಾರ. ಊಟದ ಹೊತ್ತಿನಲ್ಲಿ ಇದನ್ನು ಓದುತ್ತಿದ್ದರೆ ಪುಸ್ತಕ ಮಡಿಸಿಟ್ಟು ಆಮೇಲೆ ಓದಿ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳನ್ನು ಕೈಗೆ ತೆಗೆದುಕೊಂಡಿತು. 1894ರ ಹೊತ್ತಿಗೆ ಆಗ ಬೌರಿಂಗ್‌ಪೇಟೆ ಎನ್ನಿಸಿಕೊಂಡಿದ್ದ ನಮ್ಮ ಬಂಗಾರಪೇಟೆಯಿಂದ ಅಲ್ಲಿಗೆ ರೈಲು ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು. ಬೆಂಗಳೂರಿನವರು ಆಗಿನ್ನೂ ಎಣ್ಣೆದೀಪ ಹಚ್ಚುತ್ತಿದ್ದರು. ಇಷ್ಟೆಲ್ಲ ಬಂದರೂ ಕೂಲಿಗಳ ಲೈನುಗಳಿಗೆ ಸಿಕ್ಕಿದ್ದು ಬಿದಿರ ತಟ್ಟಿಯ ಗೂಡುಗಳು, ಸಾಲು ಸಾಲು ಸಾರ್ವಜನಿಕ ಕಕ್ಕಸುಗಳು. ಅವು ನೀರಿಲ್ಲದ ಒಣ ಕಕ್ಕಸುಗಳು.

ನಮ್ಮ ಊರುಗಳಲ್ಲಿ ಬೀದಿದೀಪ ಕೆಟ್ಟರೆ, ನಲ್ಲಿ ಒಣಗಿದರೆ ಮುನಿಸಿಪಾಲಿಟಿಯನ್ನು ಬಯ್ಯುತ್ತೇವೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಬಜಾರಿನ ಕಡೆಗೆ ಒಂದು ಸ್ಯಾನಿಟರಿ ಬೋರ್ಡು ಇತ್ತು. ಗಣಿಯ ಲೈನುಗಳಲ್ಲಿ ಮಾತ್ರ ಮನೆ, ನೀರು, ಆಸ್ಪತ್ರೆ, ಕಸ ಎಲ್ಲವೂ ಕಂಪನಿಯದೇ. ಸಂಬಳ ಕೊಡುವ ಕೈಯೇ ಊರನ್ನೂ ಆಳುತ್ತಿತ್ತು. ಹಾಗಿದ್ದಾಗ ಜಗಳವಾಡುವುದು ಕಷ್ಟವೂ ಹೌದು, ಸುಲಭವೂ ಹೌದು. ಕಷ್ಟವೇಕೆಂದರೆ ಕೆಲಸ ಹೋದರೆ ಮನೆಯೂ ಹೋಗುತ್ತದೆ. ಸುಲಭವೇಕೆಂದರೆ ಧಣಿ ಯಾರೆಂದು ಹುಡುಕಬೇಕಾಗಿಲ್ಲ.

ಗಣಿ ಕಾರ್ಮಿಕರು ಆ ಧಣಿಯನ್ನು ಎದುರಿಸಿದ್ದಾರೆ. ಪ್ರತಿಯೊಬ್ಬರ ಬೆರಳಚ್ಚು ತೆಗೆದುಕೊಳ್ಳಬೇಕೆಂದು ಹೊರಟಾಗ, ನಾವೇನು ಕಳ್ಳರೇ ಎಂದು ಸಿಡಿದು 1930ರಲ್ಲಿ ದಿನಗಟ್ಟಲೆ ಕೆಲಸ ನಿಲ್ಲಿಸಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಬಲಿಯಾದರು. ಆ ದಿನವನ್ನು ಮುಂದೆಯೂ ಅಲ್ಲಿನ ಯೂನಿಯನ್ನಿನವರು ಮರೆಯಲಿಲ್ಲ. ಕೆಂಪು ಬಾವುಟ, ನೀಲಿ ಬಾವುಟ, ಸಂಜೆಯ ಸಭೆ, ತಮಿಳು ಭಾಷಣ ಎಲ್ಲವೂ ಆ ಊರಿನ ಉಸಿರಾಗಿದ್ದವು.

ಗಣಿಗಿಳಿಯುತ್ತಿದ್ದವರು ಹೆಚ್ಚಾಗಿ ತಮಿಳರು. ಅವರ ಲೈನುಗಳ ಕಕ್ಕಸು ಬಳಿಯುತ್ತಿದ್ದ ಕುಟುಂಬಗಳ ಮನೆಮಾತು ಹೆಚ್ಚಾಗಿ ತೆಲುಗು. ಕೆಳಗಿಳಿಯುವವನೂ ದಲಿತನೇ, ಬಕೆಟ್ಟು ಹೊರುವವಳೂ ದಲಿತಳೇ. ಆದರೂ ಅವನು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ನಿಂತುಕೊಂಡ. ನಾನು ಓದಿದ ಮಟ್ಟಿಗೆ, ಆ ದೊಡ್ಡ ಮುಷ್ಕರಗಳ ಬೇಡಿಕೆಪಟ್ಟಿಗಳಲ್ಲಿ ಕೂಲಿ, ಭತ್ಯೆ, ಬೋನಸ್ಸು ಸಿಗುತ್ತವೆ. "ಈ ಬಕೆಟ್ಟುಗಳನ್ನು ತೆಗೆಯಿರಿ" ಎಂಬ ಸಾಲು ಕಾಣುವುದಿಲ್ಲ. ಯೂನಿಯನ್ನುಗಳ ಮೇಲೆ ನನಗೆ ಗೌರವವಿದೆ. ಆದರೂ ಈ ಮಾತನ್ನು ಹೇಳದೆ ಮುಂದೆ ಹೋಗಲಾರೆ.

ಈ ವಿಷಯದಲ್ಲಿ ಬಂಗಾರಪೇಟೆಯಂಥ ಊರುಗಳ ನಾವೂ ಮೇಲಲ್ಲ. ಹಳೆಯ ಮನೆಗಳ ಹಿಂದೆ ಒಂದು ಇಕ್ಕಟ್ಟಿನ ಓಣಿ ಇರುತ್ತಿತ್ತು. ಬೆಳಗಿನ ಜಾವ ತಗಡಿನ ಸದ್ದಾದರೆ ಅವಳು ಬಂದಳೆಂದು ತಿಳಿಯಬೇಕು. ಹಬ್ಬಕ್ಕೆ ಉಳಿದ ಹೋಳಿಗೆಯನ್ನು ಎತ್ತರದಿಂದ ಅವಳ ಸೆರಗಿಗೆ ಹಾಕುತ್ತಿದ್ದ ಕೈಗಳನ್ನು ನಾನು ನೋಡಿದ್ದೇನೆ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪುರಸಭೆಗಳು ಗೊಣಗಿದವು. ಮನೆಯವರೂ ಗೊಣಗಿದರು. ಆದರೂ ನಿಧಾನವಾಗಿ ಓಣಿಗಳು ಖಾಲಿಯಾದವು.

ಗಣಿಯ ಲೈನುಗಳಲ್ಲಿ ಬಕೆಟ್ಟು ಹಾಗೇ ಉಳಿಯಿತು. ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರದ ಕಂಪನಿಯಾಗಿತ್ತು. ಬಿಳಿಯ ಧಣಿ ಹೋಗಿ ಸರ್ಕಾರವೇ ಧಣಿಯಾಗಿತ್ತು.

ಅಂಥ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರ ತಂದೆ ಅದೇ ಟೌನ್‌ಶಿಪ್ಪಿನಲ್ಲಿ ಮಲ ಹೊರುವ ಕೆಲಸಕ್ಕೆ ಸೇರಿದ್ದವರು. ಓದಿದ ಮಗ ಊರಿಗೆ ಮರಳಿ ಆ ಕಕ್ಕಸುಗಳ ಬಳಿ ಕಂಡದ್ದನ್ನು ಸಹಿಸಲಾರದೆ, 1980ರ ದಶಕದ ಕೊನೆಯ ವರ್ಷಗಳಲ್ಲಿ ಆಡಳಿತಕ್ಕೆ ಕಾಗದ ಬರೆಯತೊಡಗಿದರು. ಮಂತ್ರಿಗಳಿಗೆ ಬರೆದರು, ಪತ್ರಿಕೆಗಳಿಗೆ ಬರೆದರು, ಫೋಟೋ ತೆಗೆದು ಕಳಿಸಿದರು. ಬಯಲಿಗೆ ಬಂದರೆ ಇರುವ ಕೆಲಸವೂ ಹೋದೀತು, ಮಗಳ ಸಂಬಂಧ ಮುರಿದೀತು ಎಂದು ಅವರ ಸ್ವಂತ ಜನರೇ ಹೆದರಿದ್ದರೆ ನನಗೇನೂ ಆಶ್ಚರ್ಯವಿಲ್ಲ. ನಾಚಿಕೆಪಡಬೇಕಾದವರು ಯಾರೋ, ಮುಖ ಮುಚ್ಚಿಕೊಂಡವರು ಯಾರೋ. 1993ರಲ್ಲಿ ಪಾರ್ಲಿಮೆಂಟು ಈ ಪದ್ಧತಿಯನ್ನು ನಿಷೇಧಿಸಿ ಕಾಯಿದೆ ಮಾಡಿತು. ಮರುವರ್ಷ ಗಣಿಯ ಆಡಳಿತ ಒಣ ಕಕ್ಕಸುಗಳನ್ನು ನೀರಿನ ಕಕ್ಕಸುಗಳಾಗಿ ಬದಲಿಸಲು, ಕೆಲಸಗಾರರನ್ನು ಬೇರೆ ಕೆಲಸಕ್ಕೆ ಹಾಕಲು ಒಪ್ಪಿತು. ವಿಲ್ಸನ್ನರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ದೇಶದ ತುಂಬ ಹಬ್ಬಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆದರೆ ಅಷ್ಟರಲ್ಲೇ ಧಣಿಯೇ ಮಾಯವಾಗಿದ್ದ. 2001ರಲ್ಲಿ ಗಣಿ ಮುಚ್ಚಿತು. 2011ರ ಅಕ್ಟೋಬರಿನಲ್ಲಿ ಕೆ.ಜಿ.ಎಫ್‌ನ ಒಂದು ಮಲದ ಗುಂಡಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಅವರಿಗೆ ಹಾಜರಿ ಪುಸ್ತಕವಿರಲಿಲ್ಲ, ಯೂನಿಯನ್ನೂ ಇರಲಿಲ್ಲ.

ಈ ಪ್ರಶ್ನೆ ಕೆ.ಜಿ.ಎಫ್‌ನದು ಮಾತ್ರವಲ್ಲ. ಪುರಸಭೆ ಧಣಿಯೋ ಸರ್ಕಾರವೋ ಎಂಬುದನ್ನು ಕೋರ್ಟುಗಳು ಬಹಳ ಕಾಲ ಜಗ್ಗಾಡಿವೆ. 1952ರಲ್ಲಿ ಬಂಗಾಳದ ಬಜ್‌ಬಜ್ ಪುರಸಭೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪುರಸಭೆ ನೌಕರರ ತಕರಾರೂ ಕೈಗಾರಿಕಾ ವಿವಾದವಾಗಬಹುದು ಎಂದಿತು. ಆಮೇಲಿನ ದೊಡ್ಡ ಮೊಕದ್ದಮೆ ನಮ್ಮ ಬೆಂಗಳೂರಿನದೇ. ಜಲಮಂಡಲಿ ತನ್ನ ಕೆಲವು ನೌಕರರ ಸಂಬಳದಲ್ಲಿ ದಂಡ ಮುರಿದುಕೊಂಡಿತ್ತು. ಅವರು ಲೇಬರ್ ಕೋರ್ಟಿಗೆ ಹೋದರೆ, ನಾವು ಜನರಿಗೆ ನೀರು ಕೊಡುವವರು, ಕಾರ್ಖಾನೆಯವರಲ್ಲ ಎಂದು ಮಂಡಲಿ ವಾದಿಸಿತು. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಾಧೀಶರ ಪೀಠ ಆ ವಾದವನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪಿನ ತಿರುಳನ್ನು ಮನೆಮಾತಿನಲ್ಲಿ ಹೇಳುವುದಾದರೆ ಇಷ್ಟು: ಕೆಲಸ ಕೊಡುವವರು, ಮಾಡುವವರು ಸೇರಿ ಜನರಿಗೆ ಬೇಕಾದದ್ದನ್ನು ಕ್ರಮವಾಗಿ ಒದಗಿಸುತ್ತಿದ್ದರೆ ಅದು ಕೈಗಾರಿಕೆಯೇ, ಲಾಭ ಇರಲಿ ಬಿಡಲಿ. ಒಂದು ಮಂಡಲಿಯ ನೌಕರರ ದಂಡದ ಜಗಳದಿಂದ ದೇಶದ ಆಸ್ಪತ್ರೆ, ಶಾಲೆ, ಪುರಸಭೆಗಳ ಕೆಲಸಗಾರರಿಗೆಲ್ಲ ಬಾಗಿಲು ತೆರೆಯಿತು.

ತೆರೆದ ಬಾಗಿಲಿನ ಮುಂದೆ ಗುತ್ತಿಗೆದಾರ ಬಂದು ನಿಂತ. 1990ರ ದಶಕದಿಂದ ಕಸ ಗುಡಿಸುವ ಕೆಲಸ ಊರೂರಿನಲ್ಲೂ ಗುತ್ತಿಗೆಗೆ ಹೋಯಿತು. ಪುರಸಭೆಯನ್ನು ಕೇಳಿದರೆ ಕಂತ್ರಾಟುದಾರನನ್ನು ಕೇಳಿ ಎನ್ನುತ್ತದೆ. ಅವನನ್ನು ಕೇಳಿದರೆ ಬಿಲ್ಲು ಪಾಸಾಗಿಲ್ಲ ಎನ್ನುತ್ತಾನೆ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಮೊಕದ್ದಮೆಯ ತೀರ್ಪು, ಎಷ್ಟು ವರ್ಷ ದಿನಗೂಲಿ ಮಾಡಿದರೂ ಖಾಯಂ ಮಾಡೆಂದು ಕೇಳುವ ಹಕ್ಕು ತಾನಾಗಿ ಬರುವುದಿಲ್ಲ ಎಂದಿತು.

ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಕೂಲಿ ಹುಡುಕುವವರ ರೈಲಾಯಿತು. ನಮ್ಮ ಸ್ಟೇಷನ್ನಿಗೆ ಬರುವಾಗಲೇ ಕಾಲಿಡಲು ಜಾಗವಿರುವುದಿಲ್ಲ. ಒಮ್ಮೆ ನನ್ನ ಪಕ್ಕ ಕೂತ ಹೆಂಗಸು ಒಂದು ಊರಿನ ಬೀದಿ ಗುಡಿಸುತ್ತಿದ್ದಳು. ಊರಿನ ಹೆಸರು ಇಲ್ಲಿ ಬೇಡ. "ಎಷ್ಟು ವರ್ಷವಾಯಿತಮ್ಮ?" ಎಂದೆ. "ಒಂಬತ್ತು ವರ್ಷ ಅಕ್ಕಾ. ಕಂಟ್ರಾಕ್ಟರು ಮೂರು ಜನ ಬದಲಾದ್ರು, ಪೊರಕೆ ನಾನೇ ತಂದ್ಕೋತೀನಿ" ಎಂದಳು. ಪಿ.ಎಫ್. ಹಿಡಿಯುತ್ತಾರೆ, ಯಾವ ನಂಬರಿಗೆ ಹೋಗುತ್ತದೋ ಗೊತ್ತಿಲ್ಲ. ಜ್ವರ ಬಂದರೆ ಕೂಲಿಯಿಲ್ಲ. ಅವಳ ಮಾವ ಚಾಂಪಿಯನ್ ರೀಫಿನಲ್ಲಿ ಯೂನಿಯನ್ನಿನವನಂತೆ. "ಅವ್ರಿಗೆ ಕಂಪನಿ ಇತ್ತು ಅಕ್ಕಾ, ಆಫೀಸ್ ಮುಂದೆ ಹೋಗಿ ಕೂತ್ಕೋತಿದ್ರು. ನಾವು ಯಾರ ಮನೆ ಮುಂದೆ ಕೂತ್ಕೊಳ್ಳೋದು?"

ಬೆಂಗಳೂರಿನ ಪೌರಕಾರ್ಮಿಕರು ಕೂರುವ ಜಾಗವನ್ನು ಕಂಡುಕೊಂಡರು. ಅವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಗುತ್ತಿಗೆದಾರನನ್ನು ನಡುವಿನಿಂದ ತೆಗೆಯಿರಿ ಎಂದು ವರ್ಷಗಟ್ಟಲೆ ಹಟ ಹಿಡಿದದ್ದರಿಂದ 2018ರ ಮೊದಲಿನಿಂದ ಮಹಾನಗರಪಾಲಿಕೆ ನೇರವಾಗಿ ಸಂಬಳ ಕೊಡತೊಡಗಿತು. ಧಣಿಯ ಮುಖ ಕಂಡ ಮೇಲೆ ಉಳಿದ ಮಾತು ಕೇಳುವುದು ಸುಲಭವಾಯಿತು. 2022ರ ಜುಲೈ 1ರಂದು ಪೊರಕೆ ಕೆಳಗಿಟ್ಟರು. ನಗರ ನಾಲ್ಕು ದಿನ ತನ್ನ ಕಸವನ್ನು ತಾನೇ ಮೂಸಿ ನೋಡಿತು. ಖಾಯಂ ಮಾಡುತ್ತೇವೆಂದು ಸರ್ಕಾರ ಒಪ್ಪಿಕೊಂಡಿತು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. 2022ರ ಮುಷ್ಕರದಲ್ಲಿ ಅವರ ಜೊತೆಗೇ ಹೆಸರು ಕೇಳಿಬಂದಿದ್ದ ಕಸದ ಆಟೋ ಓಡಿಸುವವರು, ಲಾರಿಗೆ ಕಸ ತುಂಬುವವರು ಆ ಪಟ್ಟಿಯಲ್ಲಿರಲಿಲ್ಲ.