ಹೊಟ್ಟೆನೋವು ಎಂದು ಬರೆಸಿದ ಸಾವುಗಳು

ಬೈಲಹೊಂಗಲ ಸೀಮೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಸಂಪಗಾಂವ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲೇ ಆಗಲಿ, ಹರೆಯದ ಮಕ್ಕಳು ಜೀವ ಕಳೆದುಕೊಂಡರೆ ಮನೆಯವರು ಹೇಳುತ್ತಿದ್ದದ್ದು, ಪೊಲೀಸರು ಬರೆದುಕೊಳ್ಳುತ್ತಿದ್ದದ್ದು, ಪೇಪರಿನಲ್ಲಿ ಬರುತ್ತಿದ್ದದ್ದು ಒಂದೇ: ‘ಹೊಟ್ಟೆನೋವು ತಾಳಲಾರದೆ’.

ಈ ಹೊಟ್ಟೆನೋವಿನ ಹಿಂದೆ ಕಾಯ್ದೆಯ ಭಯವಿತ್ತು. 1860ರ ದಂಡಸಂಹಿತೆಯ 309ನೇ ಕಲಮು ಸಾಯಲು ಹೋಗಿ ಬದುಕಿದವರನ್ನು ಅಪರಾಧಿ ಎಂದಿತು. ಒಂದು ವರ್ಷದವರೆಗೆ ಸಜೆ. ಮನಸ್ಸಿನ ಬೇನೆಗೆ ನಮಗಿದ್ದದ್ದು 1845ರಲ್ಲಿ ಶುರುವಾದ ಧಾರವಾಡದ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್. ಠಾಣೆಗೆ ಹೋದರೆ ಅಪರಾಧಿ, ಧಾರವಾಡಕ್ಕೆ ಹೋದರೆ ಹುಚ್ಚಿ. ಹೊಟ್ಟೆನೋವಾದರೆ ಎರಡೂ ತಪ್ಪುತ್ತಿದ್ದವು.

ಬದುಕಿ ಉಳಿದ ಒಬ್ಬ ಹುಡುಗಿಯನ್ನು ನೋಡಲು ಹೋಗಿದ್ದೆ. ತಾಯಿ ಬಾಗಿಲಲ್ಲೇ ಕೈ ಹಿಡಿದುಕೊಂಡಳು: “ಅಕ್ಕೋರ, ಸಾಲ್ಯಾಗ ಜ್ವರ ಬಂದಿತ್ತು ಅಂತ ಹೇಳ್ರಿ. ನಾಳೆ ಲಗ್ನಾ ಆಗಬೇಕಾದ ಕೂಸದು.” ಒಳಗೆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಏನಾಯಿತೆಂದು ಅವಳನ್ನು ಯಾರೂ ಕೇಳಿರಲಿಲ್ಲ.

2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನ ಠಾಣೆಯ ಕಡತ ನೆಚ್ಚಲಿಲ್ಲ. ಮನೆಮನೆಯಲ್ಲಿ ಸಾವಿನ ಕಾರಣ ಕೇಳಿ ತಂದ ಮಾಹಿತಿ ಅದರದ್ದು. 2010ರಲ್ಲಿ ದೇಶದಲ್ಲಿ ಸುಮಾರು 1.87 ಲಕ್ಷ ಆತ್ಮಹತ್ಯೆ ಎಂದು ಅಂದಾಜಾಯಿತು. ಪೊಲೀಸ್ ಲೆಕ್ಕದಲ್ಲಿ ಇದ್ದದ್ದು 1.35 ಲಕ್ಷದಷ್ಟು. ಸತ್ತ ಗಂಡಸರಲ್ಲಿ ಶೇ 40, ಹೆಂಗಸರಲ್ಲಿ ಶೇ 56 ಮಂದಿ 15ರಿಂದ 29ರ ವಯಸ್ಸಿನವರು. ಅಂದರೆ ನನ್ನ ತರಗತಿಗಳಿಂದ ಹೊರಬಿದ್ದ ವಯಸ್ಸಿನವರು.

2017ರ ಮಾನಸಿಕ ಆರೋಗ್ಯ ಕಾಯ್ದೆ, ಸಾಯಲು ಹೋಗಿ ಬದುಕಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ನಮ್ಮ ಊರುಗಳ ಎಷ್ಟು ಮನೆಗಳಿಗೆ ಇದು ತಿಳಿದಿದೆ? ಇನ್ನೊಂದು ತಪ್ಪು ನಂಬಿಕೆಯೂ ಗಟ್ಟಿಯಾಗಿದೆ: ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಮಕ್ಕಳ ತಲೆಯಲ್ಲಿ ನಾವೇ ಅದನ್ನು ತುಂಬಿದಂತೆ ಎಂದು. ಹಾಗಾಗುವುದಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ; ನೇರವಾಗಿ ಕೇಳಿದರೆ ಮಕ್ಕಳಿಗೆ ಹಗುರಾಗುತ್ತದೆ.

ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಒಂದರಲ್ಲಿ ಸೋತರೆ ಎಲ್ಲ ಮುಗಿಯಿತೆಂದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರು 2022ರಿಂದ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಬೇಡ. ಆ ನಂಬರನ್ನು ಪ್ರತಿ ಹಾಲ್‌ಟಿಕೆಟ್ಟಿನ ಮೇಲೆ, ವಿದ್ಯಾರ್ಥಿಯ ಹೆಸರಿನ ಕೆಳಗೇ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಎಂದು ನಾನು ಪರೀಕ್ಷಾ ಮಂಡಳಿಯನ್ನು ಕೇಳುತ್ತಿದ್ದೇನೆ.