ವಿಶ್ವ ಬ್ರೈಲ್ ದಿನ | ಇನ್ನೊಬ್ಬರ ಕಣ್ಣಿನ ಹಂಗಿಲ್ಲದ ಓದು

ಮನೆಗೆ ಒಂದು ಕಾಗದ ಬಂದಿದೆ. ಬ್ಯಾಂಕಿನದ್ದೋ, ಆಸ್ಪತ್ರೆಯದ್ದೋ, ಪ್ರೀತಿಸಿದವರದ್ದೋ. ಅದರಲ್ಲೇನಿದೆ ಅಂತ ತಿಳಿಯಬೇಕಾದರೆ ಬೇರೆಯವರ ಕೈಗೆ ಕೊಟ್ಟು ಓದಿಸಬೇಕು. ಅವರು ಓದಿದ್ದಷ್ಟೇ ನಿಮಗೆ ಗೊತ್ತು, ಬಿಟ್ಟದ್ದು ಗೊತ್ತಿಲ್ಲ. ಕಣ್ಣು ಕಾಣದವರ ಪಾಲಿಗೆ ಓದು ಎಂಬುದು ಶತಮಾನಗಳ ಕಾಲ ಹೀಗೇ ಇತ್ತು. ಅದನ್ನು ಬದಲಿಸಿದ್ದು ಆರು ಚುಕ್ಕೆಗಳು. ಆ ಚುಕ್ಕೆಗಳನ್ನು ಲಿಪಿಯಾಗಿಸಿದ ಲೂಯಿ ಬ್ರೈಲ್ ಹುಟ್ಟಿದ ದಿನವಾದ ಜನವರಿ 4ನ್ನು ವಿಶ್ವಸಂಸ್ಥೆ 2019ರಿಂದ 'ವಿಶ್ವ ಬ್ರೈಲ್ ದಿನ'ವಾಗಿ ಆಚರಿಸುತ್ತಿದೆ.

ಹದಿನೈದರ ಹುಡುಗ ಮಾಡಿದ ಲಿಪಿ

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಹತ್ತಿರದ ಕೂವ್ರೇ ಎಂಬ ಹಳ್ಳಿಯಲ್ಲಿ. ಅಪ್ಪ ಕುದುರೆಗಳ ಜೀನು, ಲಗಾಮು ಹೊಲಿಯುವ ಕುಶಲಕರ್ಮಿ. ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಕೆಲಸದ ಕೋಣೆಯಲ್ಲಿ ಆಡುತ್ತಿದ್ದ ಲೂಯಿಯ ಒಂದು ಕಣ್ಣಿಗೆ ಚರ್ಮ ತೂತು ಮಾಡುವ ಮೊನಚು ಉಪಕರಣ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷ ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋದವು.

1819ರಲ್ಲಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆ ಸೇರಿದಾಗ ಅಲ್ಲಿ ಪುಸ್ತಕಗಳಿದ್ದವು. ಆದರೆ ಅವು ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕಿದ ಪುಸ್ತಕಗಳು. ಒಂದೊಂದೇ ಅಕ್ಷರ ತಡವುತ್ತಾ ಹೇಗೋ ಓದಬಹುದಿತ್ತು. ಹಾಗೆ ಬರೆಯುವುದು ಮಕ್ಕಳ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಈ ನಡುವೆ ಸೇನೆಯಲ್ಲಿದ್ದ ಚಾರ್ಲ್ಸ್ ಬಾರ್ಬಿಯೇ ಎಂಬಾತ ರೂಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹ ಶಾಲೆಗೆ ಬಂತು. ಅದು ಸದ್ದನ್ನು ಗುರುತಿಸುತ್ತಿತ್ತು, ಕಾಗುಣಿತವನ್ನಲ್ಲ. ಜೊತೆಗೆ ಹನ್ನೆರಡು ಚುಕ್ಕೆ ಒಂದು ಬೆರಳ ತುದಿಗೆ ಹಿಡಿಸುತ್ತಿರಲಿಲ್ಲ. ಲೂಯಿ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ ಲಿಪಿ ಒಂದು ರೂಪಕ್ಕೆ ಬಂದಾಗ ಅವನಿಗೆ ಹದಿನೈದು ವರ್ಷ. 1829ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು.

ಕಣ್ಣಿದ್ದ ಮೇಷ್ಟ್ರುಗಳಿಗೆ ಇದು ಹಿಡಿಸಲಿಲ್ಲ. ನಮಗೆ ಓದಲು ಬಾರದ ಲಿಪಿ ಕಲಿತರೆ ಈ ಮಕ್ಕಳು ಸಮಾಜದಿಂದ ದೂರವಾಗುತ್ತಾರೆ ಎಂಬುದು ಅವರ ವಾದ. 1840ರಲ್ಲಿ ಬಂದ ಹೊಸ ಮುಖ್ಯಸ್ಥರು ಶಾಲೆಯಲ್ಲಿ ಬ್ರೈಲ್ ಲಿಪಿಯನ್ನೇ ನಿಷೇಧಿಸಿದರು. ಮಕ್ಕಳು ಕದ್ದುಮುಚ್ಚಿ ಬರೆದರು, ಒಬ್ಬರಿಗೊಬ್ಬರು ಕಲಿಸಿಕೊಂಡರು. ನಿಷೇಧ ಸೋತಿತು. ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ. ಅಷ್ಟರಲ್ಲಿ ಬ್ರೈಲ್ ಕ್ಷಯದಿಂದ ತೀರಿಕೊಂಡು ಎರಡು ವರ್ಷವಾಗಿತ್ತು.

ಆರು ಚುಕ್ಕೆಯಲ್ಲಿ ಕನ್ನಡ

ಬ್ರೈಲ್ ಒಂದು ಭಾಷೆ ಅಂತ ಹಲವರು ತಿಳಿದಿದ್ದಾರೆ. ಅಲ್ಲ, ಅದು ಲಿಪಿ. ಎರಡು ಸಾಲು, ಒಂದೊಂದರಲ್ಲಿ ಮೇಲಿಂದ ಕೆಳಕ್ಕೆ ಮೂರು ಚುಕ್ಕೆ. ಎಡಸಾಲಿನವು 1, 2, 3. ಬಲಸಾಲಿನವು 4, 5, 6. ಯಾವ ಚುಕ್ಕೆ ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ 63 ಬಗೆಯ ಗುರುತು ಸಿಗುತ್ತವೆ. ಅಷ್ಟರಲ್ಲೇ ಅಕ್ಷರ, ಅಂಕಿ, ಗಣಿತ, ಸಂಗೀತದ ಸ್ವರಲಿಪಿ ಎಲ್ಲವನ್ನೂ ಬರೆಯುತ್ತಾರೆ.

ನಮ್ಮ ದೇಶದಲ್ಲಿ ಮೊದಲು ಒಂದೊಂದು ಕಡೆ ಒಂದೊಂದು ಬಗೆಯ ಬ್ರೈಲ್ ಇತ್ತು. 1951ರ ಹೊತ್ತಿಗೆ ಭಾರತೀಯ ಭಾಷೆಗಳಿಗೆಲ್ಲ ಹೊಂದುವ 'ಭಾರತಿ ಬ್ರೈಲ್' ನೆಲೆಗೊಂಡಿತು. ಕನ್ನಡ ಬ್ರೈಲ್ ಅದರದ್ದೇ ಭಾಗ. 'ಕ' ಅಂದರೆ 1, 3ನೇ ಚುಕ್ಕೆ. ಇಂಗ್ಲಿಷಿನ 'ಕೆ' ಅಕ್ಷರಕ್ಕೂ ಅದೇ. 'ಕಮಲ' ಎಂಬ ಪದ ಕನ್ನಡದಲ್ಲಿ, ಹಿಂದಿಯಲ್ಲಿ ಅಚ್ಚಾದಾಗ ಬೇರೆ ಬೇರೆ ಕಾಣುತ್ತದೆ. ಬೆರಳಿಗೆ ಎರಡೂ ಒಂದೇ.

ಇಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. 'ಕಿ' ಬರೆಯಲು 'ಕ' ಹಾಕಿ, ಮುಂದಿನ ಮನೆಯಲ್ಲಿ 'ಇ' ಹಾಕುತ್ತಾರೆ. 'ಕನ್ನಡ' ಎಂದು ಬರೆಯಲು ಕ, ಆಮೇಲೆ ಒತ್ತು ಬರುತ್ತಿದೆ ಎಂದು ಹೇಳುವ 4ನೇ ಚುಕ್ಕೆ, ಆಮೇಲೆ ನ, ನ, ಡ. ಅಚ್ಚಿನಲ್ಲಿ ಮೂರಕ್ಷರ, ಬ್ರೈಲ್‌ನಲ್ಲಿ ಐದು ಮನೆ.

ಕೈಯಲ್ಲಿ ಬರೆಯೋದು ಇನ್ನೂ ಸೋಜಿಗ. ದಪ್ಪ ಹಾಳೆಯನ್ನು ಕಿಂಡಿಗಳಿರುವ ಚೌಕಟ್ಟಿಗೆ ಸಿಕ್ಕಿಸಿ, ಮೊನಚು ಕಡ್ಡಿಯಿಂದ ಹಿಂಬದಿಯಲ್ಲಿ ಚುಚ್ಚಬೇಕು. ಹಾಳೆ ತಿರುಗಿಸಿದಾಗ ಚುಕ್ಕೆಗಳು ಉಬ್ಬಿರುತ್ತವೆ. ಹಾಗಾಗಿ ಬರೆಯುವುದು ಬಲದಿಂದ ಎಡಕ್ಕೆ, ಓದುವುದು ಎಡದಿಂದ ಬಲಕ್ಕೆ.

ಮೊಬೈಲೇ ಓದಿ ಹೇಳುತ್ತಲ್ಲ?

ಈಗ ಎಲ್ಲರೂ ಕೇಳುವ ಪ್ರಶ್ನೆ ಇದು. ಮೊಬೈಲು, ಕಂಪ್ಯೂಟರು ಓದಿ ಹೇಳುವುದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವುದು ಬೇರೆ, ಓದುವುದು ಬೇರೆ. ಬರೀ ಕೇಳಿಕೊಂಡೇ ಬೆಳೆದ ಮಗುವಿಗೆ 'ಲ' ಎಲ್ಲಿ, 'ಳ' ಎಲ್ಲಿ, ಯಾವುದಕ್ಕೆ ಒತ್ತು ಎಂಬುದು ಹೇಗೆ ಗೊತ್ತಾಗಬೇಕು? 'ಆದರ'ಕ್ಕೂ 'ಹಾದರ'ಕ್ಕೂ ವ್ಯತ್ಯಾಸ ಮಾಡದೆ ಮಾತಾಡುವ ನಾಡು ನಮ್ಮದು. ಕಣ್ಣಿರುವ ಮಕ್ಕಳಿಗೆ ಟಿವಿ, ಮೊಬೈಲ್ ಇದೆಯಲ್ಲ, ಅಕ್ಷರ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಂಧ ಮಗುವಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಸಹಜ ಅನ್ನಿಸಿಬಿಡುತ್ತದೆ.

ಅಷ್ಟೇ ಅಲ್ಲ, ತಂತ್ರಜ್ಞಾನ ಬ್ರೈಲ್‌ನ ಶತ್ರುವೂ ಅಲ್ಲ. ಚುಕ್ಕೆಗಳು ಏಳುತ್ತಾ ಇಳಿಯುತ್ತಾ ಪರದೆಯ ಮೇಲಿನ ಸಾಲನ್ನು ಬೆರಳಿಗೆ ಮುಟ್ಟಿಸುವ ಸಾಧನಗಳಿವೆ, ಬೆಲೆಯೇ ದುಬಾರಿ. ಯೂನಿಕೋಡ್ ಕನ್ನಡವನ್ನು ಬ್ರೈಲ್‌ಗೆ ಬದಲಿಸುವ ಮುಕ್ತ ತಂತ್ರಾಂಶವೂ ಇದೆ. ಆದರೆ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ, ಸ್ಕ್ಯಾನ್ ಮಾಡಿ ಚಿತ್ರವಾಗಿಸಿದ ಆದೇಶ, ಸುತ್ತೋಲೆಗಳನ್ನು ಅದು ನೇರವಾಗಿ ಬದಲಿಸಲಾರದು.

ಮತ ಗುಟ್ಟಾಗಿರುವುದು ಹೇಗೆ?

ಬ್ರೈಲ್ ಯಾಕೆ ಬೇಕು ಎಂಬುದಕ್ಕೆ ಮತಗಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಣ್ಣು ಕಾಣದ ಮತದಾರರು ಜೊತೆಗೊಬ್ಬರನ್ನು ಕರೆದೊಯ್ದು ಅವರಿಂದ ಮತ ಹಾಕಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ಆಗ ಮತ ಇಬ್ಬರ ಗುಟ್ಟಾಗುತ್ತದೆ. ಹಾಗಾಗಬಾರದು ಎಂದೇ ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆಯನ್ನು ಮತಗಟ್ಟೆಯಲ್ಲಿ ಕೇಳಿ ಓದಿ, ಕ್ರಮಸಂಖ್ಯೆ ನೆನಪಿಟ್ಟುಕೊಂಡು, ಒಬ್ಬರೇ ಹೋಗಿ ಗುಂಡಿ ಒತ್ತಬಹುದು. ಆದರೆ ಇದೆಲ್ಲ ಬ್ರೈಲ್ ಕಲಿತವರಿಗೆ ಮಾತ್ರ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬ್ರೈಲ್ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕು ಎನ್ನುತ್ತದೆ. ಅಂಧರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ತಯಾರಿಸಲು ಕೃತಿಸ್ವಾಮ್ಯ ಅಡ್ಡಬಾರದಂತೆ ಮಾಡುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಅಂದರೆ ಕಾಗದದ ಮೇಲೆ ಕೊರತೆಯಿಲ್ಲ.

ಅಂಧ ಮಗು ದೂರದ ವಸತಿ ಶಾಲೆಗೆ ಹೋಗದೆ ಊರಿನ ಶಾಲೆಯಲ್ಲೇ ಓದಲಿ ಎನ್ನುವುದು ಒಳ್ಳೆಯ ಆಶಯ. ಆದರೆ ಅಲ್ಲಿ ಬ್ರೈಲ್ ಗೊತ್ತಿರುವ ಒಬ್ಬ ಮೇಷ್ಟ್ರೂ ಇಲ್ಲದಿದ್ದರೆ, ಸಮಯಕ್ಕೆ ಬ್ರೈಲ್ ಪಠ್ಯಪುಸ್ತಕ ಬಾರದಿದ್ದರೆ, ಆ ಮಗು ತರಗತಿಯಲ್ಲಿ ಬರೀ ಕೇಳುಗನಾಗಿ ಕೂತಿರುತ್ತದೆ. ಪ್ಯಾರಿಸ್‌ನ ಆ ಶಾಲೆ ಲಿಪಿಯನ್ನು ನಿಷೇಧಿಸಿತ್ತು. ಇವತ್ತು ಯಾರೂ ನಿಷೇಧಿಸಬೇಕಾಗಿಲ್ಲ, ಕಲಿಸದೆ ಸುಮ್ಮನಿದ್ದರೂ ಫಲ ಒಂದೇ.