ಬಟ್ಟಲೊಳಗಿನ ಪರಂಗಿಗಳು

ಮನೆಯಲ್ಲಿ ಒಂದು ಬಟ್ಟಲು ಹಣ್ಣು ಹೆಚ್ಚಿಕೊಳ್ಳಲು ಹತ್ತು ನಿಮಿಷ ಸಾಕು. ಬಾಳೆ, ಪರಂಗಿ, ಅನಾನಸ್, ಸೀಬೆ, ಸಪೋಟ. ಮೇಲೆ ನಿಂಬೆರಸ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ. ಒಲೆ ಬೇಡ, ಸಕ್ಕರೆ ಬೇಡ. ಆದರೆ 1500ರ ಹೊತ್ತಿಗೆ ಈ ಐದರಲ್ಲಿ ನಮ್ಮ ನಾಡಿನಲ್ಲಿದ್ದದ್ದು ಬಾಳೆಹಣ್ಣು ಒಂದೇ. ಉಳಿದ ನಾಲ್ಕೂ ಅಮೆರಿಕ ಖಂಡದವು.

ಹಾಗೆಂದು ಹಣ್ಣು ಹೆಚ್ಚಿ ಕಲಸುವುದು ನಮಗೆ ಹೊಸದಲ್ಲ. ಕರಾವಳಿಯಲ್ಲಿ ಬಾಳೆಹಣ್ಣು, ಬೆಲ್ಲ, ತೆಂಗಿನಹಾಲು ಸೇರಿದರೆ ರಸಾಯನ. ಘಟ್ಟದ ಮೇಲೆ ಮಾವಿನಹಣ್ಣು, ಹಾಲು, ಏಲಕ್ಕಿ ಸೇರಿದರೆ ಸೀಕರಣೆ. ಪುಣೆಯಲ್ಲಿರುವವರು ಬಾಳೆಹಣ್ಣಿನ ‘ಶಿಕರಣ್’ ತಿಂದಾಗ ಇದು ನಮ್ಮ ಸೀಕರಣೆಯ ನೆಂಟನೆಂದು ಗುರುತಿಸಿಯೇ ಇರುತ್ತಾರೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಬರೆದಾಗ ಪರಂಗಿಯಾಗಲಿ ಸೀಬೆಯಾಗಲಿ ಅವನ ಅಡುಗೆಮನೆಗೆ ಇನ್ನೂ ಬಂದಿರಲಿಲ್ಲ.

ಬಂದದ್ದು ಹಡಗಿನಲ್ಲಿ. 1500ರಲ್ಲಿ ಕಲ್ಲಿಕೋಟೆಗೆ ಹೊರಟ ಪೋರ್ಚುಗೀಸ್ ನಾಯಕ ಕಬ್ರಾಲ್ ದಾರಿಯಲ್ಲಿ ಬ್ರೆಜಿಲ್ ತೀರ ಮುಟ್ಟಿ, ಅದೇ ವರ್ಷ ಮಲಬಾರಿಗೂ ತಲುಪಿದ. ಒಂದೇ ಯಾನ ಎರಡು ದಡಗಳನ್ನು ಹೊಲಿದಂತಾಯಿತು. 1510ರಲ್ಲಿ ಗೋವೆ ಬಿಜಾಪುರದ ಆದಿಲಶಾಹಿಗಳಿಂದ ಪೋರ್ಚುಗೀಸರ ಕೈಗೆ ಹೋಯಿತು. 1580ರ ದಶಕದಲ್ಲಿ ಗೋವೆಯ ಆರ್ಚ್‌ಬಿಷಪ್ಪರ ಬಳಿ ಕೆಲಸಕ್ಕಿದ್ದ ಡಚ್ಚರ ಲಿನ್‌ಸ್ಖೋಟೆನ್, 1596ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪಪಾಯ ಬಂದ ದಾರಿಯನ್ನು ಬರೆದಿಟ್ಟ: ಸ್ಪೇನಿನವರ ಅಮೆರಿಕದಿಂದ ಫಿಲಿಪ್ಪೀನ್ಸ್ ಕಡೆಗೆ, ಅಲ್ಲಿಂದ ಮಲಕ್ಕಾ, ಅಲ್ಲಿಂದ ಭಾರತ. ಅಂದರೆ ಪಡುವಣ ದೇಶದ ಹಣ್ಣು ನಮ್ಮಲ್ಲಿಗೆ ಮೂಡಣ ಬಾಗಿಲಿನಿಂದ ಬಂತು.

ಮೊಗಲರ ಆಸ್ಥಾನಕ್ಕೂ ಇವು ಬೇಗ ತಲುಪಿದವು. ‘ಐನೆ ಅಕ್ಬರಿ’ಯಲ್ಲಿ ಅನಾನಸ್‌ಗೆ ‘ಕಟಹಲ್-ಎ-ಸಫರಿ’, ಪ್ರಯಾಣಿಕ ಹಲಸು, ಎಂಬ ಹೆಸರಿದೆ. ಯುರೋಪಿಯನ್ನರ ಬಂದರುಗಳಿಂದ ಬಂದ ಈ ಹಣ್ಣು ಆಗ್ರಾದ ತನ್ನ ತೋಟದಲ್ಲಿ ಪ್ರತಿ ವರ್ಷ ಸಾವಿರಾರು ಬಿಡುತ್ತದೆಂದು ಜಹಾಂಗೀರ್ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ನಮ್ಮ ಜನ ಇತಿಹಾಸವನ್ನು ಬರೆಯದಿದ್ದರೂ ಹೆಸರಿನಲ್ಲಿ ಉಳಿಸಿಕೊಂಡರು. ಪರಂಗಿ ಎಂದರೆ ಫಿರಂಗಿಯವರ ಹಣ್ಣು. ಚೆನ್ನೈನ ಮಾರುಕಟ್ಟೆಯಲ್ಲಿ ‘ಪರಂಗಿ’ ಕೇಳಿದರೆ ಕುಂಬಳಕಾಯಿ ಕೊಡುತ್ತಾರೆ. ಅವರು ಅದೇ ಹಣೆಪಟ್ಟಿಯನ್ನು ಬೇರೆ ಕಾಯಿಗೆ ಅಂಟಿಸಿದರು. ಸೀಬೆಗೆ ಉತ್ತರ ಕರ್ನಾಟಕದಲ್ಲಿ ಪೇರಲ, ಮುಂಬಯಿಯಲ್ಲಿ ಪೇರು. ಪೋರ್ಚುಗೀಸ್‌ನಲ್ಲಿ ‘ಪೆರ’ ಎಂದರೆ ಬೇರೆಯೇ ಹಣ್ಣು, ಪೇರ್. ದಿಲ್ಲಿಯಲ್ಲಿ ಅದೇ ಸೀಬೆ ‘ಅಮರೂದ್’. ಪಾರಸಿಯಲ್ಲಿ ಅದಕ್ಕೂ ಪೇರ್ ಎಂದೇ ಅರ್ಥ. ಹೊಸ ಹಣ್ಣನ್ನು ಕಂಡ ಎರಡು ಬೇರೆ ಭಾಷೆಗಳಿಗೆ ನೆನಪಾದದ್ದು ಒಂದೇ ಹಳೆಯ ಹಣ್ಣು! ಸಪೋಟ, ಚಿಕ್ಕು ಎರಡೂ ಮೆಕ್ಸಿಕೋದ ನಾವಾಟ್ಲ್ ಭಾಷೆಯ ಪದಗಳಿಂದ ಬಂದವು.

ಇಷ್ಟಾದರೂ ಒಂದು ಕಡೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ನಿಷಿದ್ಧ; ಖಾರಕ್ಕೆ ಕಾಳುಮೆಣಸೇ. ಅದನ್ನು ಮಡಿಯೆಂದು ತಳ್ಳಿಹಾಕಬಹುದು. ಆದರೆ ಯಾವುದು ಮೊದಲಿತ್ತು, ಯಾವುದು ಆಮೇಲೆ ಬಂತು ಎಂಬ ಪಟ್ಟಿಯನ್ನು ಪಠ್ಯಪುಸ್ತಕಕ್ಕಿಂತ ನಿಷ್ಠೆಯಿಂದ ಕಾಪಾಡಿದ್ದು ಆ ಅಡುಗೆಮನೆಯೇ. ವರ್ಷದ ಉಳಿದ ದಿನ ಅದೇ ಮನೆಯವರು ಹಿತ್ತಲಿನ ಪರಂಗಿ ಗಿಡವನ್ನು ನಮ್ಮದೆಂದೇ ಸಾಕಿದರು. ನೆನಪು ಇಟ್ಟುಕೊಂಡೇ ಒಳಗೆ ಕರೆದುಕೊಳ್ಳುವುದು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಯಾವುದು ನಮ್ಮದು, ಯಾರು ಹೊರಗಿನವರು ಎಂಬ ಜಗಳ ಜೋರಾದಾಗ, ಊರು ಬಿಟ್ಟು ಬೇರೆ ರಾಜ್ಯದಲ್ಲಿ ನೆಲೆಸಿರುವ ನಾವು ಇದನ್ನು ಮರೆಯಬಾರದು.

ಕಲಸುವಾಗ ಒಂದು ಎಚ್ಚರ. ಅನಾನಸ್, ಪರಂಗಿಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ. ಹಸಿಯಾಗಿ ಹಾಲಿಗೆ ಬಿದ್ದರೆ ಕಹಿಯಾಗುತ್ತದೆ. ಹಾಗಾಗಿ ಸೀಕರಣೆಗೆ ಹಳಬರೇ ಸರಿ, ಹೊಸಬರಿಗೆ ನಿಂಬೆರಸ. ಬಾಳೆಹಣ್ಣು ಕಪ್ಪಾಗುವುದನ್ನೂ ನಿಂಬೆಯ ಹುಳಿ ತಡೆಯುತ್ತದೆ. ತಿನ್ನುವ ಹೊತ್ತಿಗೆ ಹೆಚ್ಚಿ, ಕೊನೆಗೆ ಕಾಳುಮೆಣಸು ಉದುರಿಸಿ. 1498ರಲ್ಲಿ ವಾಸ್ಕೋ ಡ ಗಾಮ ಮಲಬಾರಿಗೆ ಹುಡುಕಿಕೊಂಡು ಬಂದದ್ದು ಮುಖ್ಯವಾಗಿ ಅದನ್ನೇ. ಆ ಕಾಳಿನ ಆಸೆಗೆ ಬಂದ ಹಡಗುಗಳೇ ಬಟ್ಟಲಿನ ಉಳಿದವರಿಗೆ ದಾರಿ ಮಾಡಿಕೊಟ್ಟವು.